ಮುಂಬೈ–ಬೆಂಗಳೂರು: 834 ಕಿಲೋಮೀಟರ್‌ಗೆ ಒಂದೂಮುಕ್ಕಾಲು ಗಂಟೆ ಯಾಕೆ?

"ಅಲ್ಲ ಕಣೋ, ನೆಟ್‌ನಲ್ಲಿ ನೋಡಿದೆ. ಮುಂಬೈಯಿಂದ ಬೆಂಗಳೂರಿಗೆ 834 ಕಿಲೋಮೀಟರ್. ವಿಮಾನ ಗಂಟೆಗೆ ಎಂಟುನೂರು ಚಿಲ್ಲರೆ ಹೋಗುತ್ತೆ. ಅಂದ್ರೆ ಒಂದು ಗಂಟೆ ಅಲ್ವಾ? ಟಿಕೆಟ್‌ನಲ್ಲಿ ನೋಡಿದ್ರೆ ಒಂದು ಗಂಟೆ ಐವತ್ತು ನಿಮಿಷ ಅಂತಿದೆ. ಆ ಐವತ್ತು ನಿಮಿಷ ಎಲ್ಲಿ ಹೋಯ್ತು?"

ಡೊಂಬಿವಲಿಯ ಚಿಕ್ಕಪ್ಪ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಮೈಸೂರಿನಲ್ಲಿ ಚಿಕ್ಕಮ್ಮನ ತವರಿನವರ ಗೃಹಪ್ರವೇಶ. ದೇವನಹಳ್ಳಿಯಲ್ಲಿ ಇಳಿದು, ಏರ್‌ಪೋರ್ಟ್‌ನಿಂದಲೇ ಹೊರಡುವ ಫ್ಲೈಬಸ್ ಹಿಡಿಯಬೇಕು. ಎಷ್ಟು ಗಂಟೆಯ ಬಸ್ಸಿಗೆ ಸೀಟು ಮಾಡಿಸಬೇಕು ಅನ್ನೋದು ಅವರ ಚಿಂತೆ. ಬೇಗದ್ದಕ್ಕೆ ಮಾಡಿಸಿದರೆ ಬಸ್ ತಪ್ಪುತ್ತದೆ. ತಡದ್ದಕ್ಕೆ ಮಾಡಿಸಿದರೆ ಎಪ್ಪತ್ತು ದಾಟಿದ ಇಬ್ಬರು ಬೆಂಚಿನ ಮೇಲೆ ಸುಮ್ನೆ ಕಾಯಬೇಕು.

ಮುಂಬೈಯಲ್ಲಿ ಇರುವ ನಮ್ಮವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಈ ಲೆಕ್ಕ ಒಂದಲ್ಲ ಒಂದು ದಿನ ಬೇಕಾಗುತ್ತದೆ. ಊರಿನಿಂದ ಕೆಟ್ಟ ಸುದ್ದಿ ಬಂದ ರಾತ್ರಿಯಂತೂ ಬೇಕೇ ಬೇಕು. ಅದಕ್ಕೇ ಭಾನುವಾರ ಅವರ ಮನೆಗೆ ಹೋಗಿ ಕೂತು ವಿವರಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ 834 ಎಲ್ಲಿಂದ ಬಂತು ನೋಡೋಣ. ಅದನ್ನು ಯಾರೂ ಟೇಪು ಹಿಡಿದು ಅಳೆದಿಲ್ಲ. ಪ್ರತಿ ಏರ್‌ಪೋರ್ಟ್‌ಗೂ ಭೂಮಿಯ ಮೇಲೆ ಒಂದು ಗುರುತಿನ ಬಿಂದು ಇರುತ್ತದೆ. ಅದಕ್ಕೊಂದು ಅಕ್ಷಾಂಶ, ಒಂದು ರೇಖಾಂಶ. ಮುಂಬೈ ಏರ್‌ಪೋರ್ಟ್ ಉತ್ತರಕ್ಕೆ 19.09 ಡಿಗ್ರಿ, ಪೂರ್ವಕ್ಕೆ 72.87 ಡಿಗ್ರಿ. ಬೆಂಗಳೂರಿನದು 13.20 ಮತ್ತು 77.71. ಇಷ್ಟು ಸಾಕು, ಕಾಗದದ ಮೇಲೇ ಲೆಕ್ಕ ಹಾಕಬಹುದು.

ಅಕ್ಷಾಂಶದ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ಎರಡೂ ಊರಿಗೆ ಇರುವ ವ್ಯತ್ಯಾಸ 5.89 ಡಿಗ್ರಿ. ಗುಣಿಸಿದರೆ 654 ಕಿ.ಮೀ. ಬೆಂಗಳೂರು ಮುಂಬೈಗಿಂತ ಅಷ್ಟು ದಕ್ಷಿಣಕ್ಕಿದೆ. ರೇಖಾಂಶಗಳು ಧ್ರುವದ ಕಡೆ ಹೋದಂತೆ ಹತ್ತಿರ ಹತ್ತಿರ ಬರುತ್ತವೆ, ಹಾಗಾಗಿ ನಮ್ಮ ಕಡೆ ಅದರ ಒಂದು ಡಿಗ್ರಿ ಅಂದರೆ ಸುಮಾರು 107 ಕಿ.ಮೀ. ವ್ಯತ್ಯಾಸ 4.84 ಡಿಗ್ರಿ, ಅಂದರೆ 518 ಕಿ.ಮೀ. ಪೂರ್ವಕ್ಕೆ. ಈಗ ಹೈಸ್ಕೂಲಿನ ಪೈಥಾಗೊರಸ್ ನೆನಪು ಮಾಡಿಕೊಳ್ಳಿ. 654ರ ವರ್ಗಕ್ಕೆ 518ರ ವರ್ಗ ಕೂಡಿಸಿ, ವರ್ಗಮೂಲ ತೆಗೆದರೆ 834. ಚಿಕ್ಕಪ್ಪ ರೈಲ್ವೆ ಲೆಕ್ಕಪತ್ರ ವಿಭಾಗದಲ್ಲಿ ದುಡಿದವರು. ಕ್ಯಾಲ್ಕುಲೇಟರ್‌ನಲ್ಲಿ ಆ ಸಂಖ್ಯೆ ಮೂಡಿದಾಗ ಕನ್ನಡಕ ಮೇಲೆತ್ತಿ ಇನ್ನೊಮ್ಮೆ ನೋಡಿದರು.

ಈ ಉಪಾಯ ಹತ್ತಿರದ ಊರುಗಳಿಗೆ ಮಾತ್ರ ನಡೆಯುತ್ತದೆ. ದೂರದ ಊರಿಗೆ ಭೂಮಿ ಗುಂಡಗಿದೆ ಅನ್ನೋದನ್ನು ಮರೆಯುವಂತಿಲ್ಲ. ಅಡುಗೆಮನೆಯಲ್ಲಿ ಒಂದು ಚಕ್ಕೋತ ಇತ್ತು. ಬೆಂಗಳೂರು ಅಂತ ಅದರ ನಡುವಿಗಿಂತ ಸ್ವಲ್ಪ ಮೇಲೆ ಒಂದು ಲವಂಗ ಚುಚ್ಚಿದೆವು. ಹೆಚ್ಚುಕಮ್ಮಿ ಹಿಂಬದಿಗೆ, ಇನ್ನೂ ತುಸು ಮೇಲೆ, ಸ್ಯಾನ್ ಫ್ರಾನ್ಸಿಸ್ಕೋ ಅಂತ ಇನ್ನೊಂದು. ಎರಡಕ್ಕೂ ಹೂ ಕಟ್ಟುವ ದಾರ ಸುತ್ತಿ ಬಿಗಿಯಾಗಿ ಎಳೆಯಲು ಚಿಕ್ಕಮ್ಮನಿಗೆ ಕೊಟ್ಟೆ. ಮೊದಲು ಅವರು ಹಣ್ಣಿನ ಹೊಟ್ಟೆಯ ಸುತ್ತ ಎಳೆದರು. ಬಿಗಿ ಮಾಡುತ್ತಿದ್ದಂತೆ ದಾರ ತಾನಾಗಿಯೇ ಮೇಲಕ್ಕೆ ಜಾರಿ, ತೊಟ್ಟಿನ ಪಕ್ಕಕ್ಕೆ ಹೋಗಿ ಕೂತಿತು. "ಅಯ್ಯೋ, ತಲೆ ಮೇಲಿಂದ ಹೋಯ್ತಲ್ಲ!" ಅಂದರು. ಅದೇ ವಿಷಯ. ಗುಂಡಗಿನ ವಸ್ತುವಿನ ಮೇಲೆ ಅತಿ ಹತ್ತಿರದ ದಾರಿ ಅಂದರೆ ಆ ಬಿಗಿ ದಾರ ಹಿಡಿದ ದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ವಿಮಾನ ತಂದಾಗ ಉತ್ತರ ಧ್ರುವದ ಕಡೆಯಿಂದಲೇ ಬಂದಿತ್ತು. ಗೋಡೆಗೆ ನೇತುಹಾಕಿದ ಭೂಪಟ ನೋಡಿದರೆ ಅದು ಸುತ್ತುದಾರಿ ಅನ್ನಿಸುತ್ತದೆ. ಚಕ್ಕೋತ ನೋಡಿದರೆ ಅದೇ ಒಳದಾರಿ.

ನೆಟ್‌ನಲ್ಲಿ ದೂರ ತೋರಿಸುವ ಪುಟಗಳು ಮಾಡುವುದೂ ಇದೇ ದಾರದ ಲೆಕ್ಕ. ಭೂಮಿಯ ತ್ರಿಜ್ಯ 6,371 ಕಿ.ಮೀ. ಅಂತ ಇಟ್ಟುಕೊಂಡು, ಹ್ಯಾವರ್‌ಸೈನ್ ಅನ್ನೋ ಸೂತ್ರದಲ್ಲಿ ಎರಡು ಬಿಂದು ಹಾಕುತ್ತವೆ. ಒಂದು ಪುಟದಲ್ಲಿ 832, ಇನ್ನೊಂದರಲ್ಲಿ 836 ಕಂಡರೆ ಗಾಬರಿ ಬೇಡ. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಅದನ್ನು ಕೆಲವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಕೆಲವರು ಬಿಡುತ್ತಾರೆ. ಇನ್ನು ಕೆಲವು ಪುಟಗಳು 450 ಅಂತ ತೋರಿಸುತ್ತವೆ. ಅದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ.

ಮುಖ್ಯವಾದ ಮಾತು ಇಷ್ಟು: ಈ 834 ಅನ್ನೋದು ದಾರದ ಉದ್ದ. ರಸ್ತೆಯಲ್ಲಿ ಹೋದರೆ ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಸಾವಿರ ಕಿ.ಮೀ. ಹತ್ತಿರ ಆಗುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ ಸೋಲಾಪುರ, ರಾಯಚೂರು, ಗುಂತಕಲ್ ಸುತ್ತಿಕೊಂಡು ಹೋಗುವುದರಿಂದ ಸಾವಿರದ ನೂರಕ್ಕೂ ಜಾಸ್ತಿ. ಹಾಗೆ ನೋಡಿದರೆ ವಿಮಾನವೂ ದಾರದ ಮೇಲೆ ಹೋಗುವುದಿಲ್ಲ. ಚಿಕ್ಕಪ್ಪನ ಐವತ್ತು ನಿಮಿಷದ ಸುಳಿವು ಇಲ್ಲಿಂದ ಶುರುವಾಗುತ್ತದೆ.

ಮುಂಬೈಯ ಮುಖ್ಯ ರನ್‌ವೇಗೆ 09–27 ಅಂತ ಹೆಸರು. ದಿಕ್ಸೂಚಿಯ ಡಿಗ್ರಿಯಲ್ಲಿ ಕೊನೆಯ ಸೊನ್ನೆ ತೆಗೆದರೆ ಆ ಸಂಖ್ಯೆ ಸಿಗುತ್ತದೆ. 27 ಅಂದರೆ 270 ಡಿಗ್ರಿ, ಪಡುವಣ ದಿಕ್ಕು. ವಿಮಾನ ಸಾಮಾನ್ಯವಾಗಿ ಎದುರುಗಾಳಿಗೆ ಮುಖಮಾಡಿ ಏರುತ್ತದೆ, ಎದುರುಗಾಳಿಗೇ ಇಳಿಯುತ್ತದೆ. ಇಲ್ಲಿ ಗಾಳಿ ಹೆಚ್ಚಾಗಿ ಸಮುದ್ರದ ಕಡೆಯಿಂದ. ಹಾಗಾಗಿ ಬೆಂಗಳೂರಿನ ವಿಮಾನ ಏರುವುದು ಪಶ್ಚಿಮಕ್ಕೆ, ಅರಬ್ಬಿ ಸಮುದ್ರದ ಕಡೆಗೆ. ಹೋಗಬೇಕಾದ್ದು ಆಗ್ನೇಯಕ್ಕೆ! ಎಡಗಡೆ ಕಿಟಕಿ ಸಿಕ್ಕಿದ್ದರೆ ನೋಡಿ: ಜುಹೂ ಮರಳು ಕೆಳಗೆ ಹಾದುಹೋಗುತ್ತದೆ, ಒಂದಿಷ್ಟು ಹೊತ್ತು ಬರೀ ನೀರು, ಆಮೇಲೆ ಎಡರೆಕ್ಕೆ ಬಾಗುತ್ತದೆ, ಊರು ಮತ್ತೆ ಕಾಣುತ್ತದೆ. ಅಲ್ಲಿಂದ ಆಕಾಶದಲ್ಲೂ ಗೊತ್ತುಮಾಡಿದ ದಾರಿಗಳಿವೆ. ಸೇನೆಗೆ ಮೀಸಲಾದ ಜಾಗಗಳಿವೆ. 2020ರ ಮೇ ತಿಂಗಳಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಹೇಳಿದ್ದರು, ದೇಶದ ಆಕಾಶದಲ್ಲಿ ನಾಗರಿಕ ವಿಮಾನಗಳಿಗೆ ಮುಕ್ತವಾಗಿರುವುದು ಶೇ 60ರಷ್ಟು ಮಾತ್ರ ಅಂತ. ಆಮೇಲೆ ಅದನ್ನು ಸಡಿಲಿಸುವ ಕೆಲಸ ನಡೆದಿದೆ. ಆದರೂ ಈ ತಿರುವು, ಆ ತಿರುವು ಸೇರಿ ದಾರಕ್ಕಿಂತ ಐವತ್ತು ಅರವತ್ತು ಕಿ.ಮೀ. ಜಾಸ್ತಿ ಹಾರುವುದು ಮಾಮೂಲಿ.

ಎರಡನೆಯದು ವೇಗ. ಎ320 ತರಹದ ವಿಮಾನ ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತದೆ, ನಿಜ. ಆದರೆ ಅದು ಮೇಲೆ ಹೋದ ಮೇಲಿನ ಮಾತು. ಮೂವತ್ತೈದು ಸಾವಿರ ಅಡಿಗೆ ಏರಲು ಇಪ್ಪತ್ತು ನಿಮಿಷದ ಆಸುಪಾಸು ಬೇಕು. ಇಳಿಯುವುದೂ ಹಾಗೇ, ಒಮ್ಮೆಲೇ ಆಗುವುದಿಲ್ಲ. ಪೈಲಟ್‌ಗಳ ಬಾಯಲ್ಲಿರುವ ಲೆಕ್ಕ ಮೂರಕ್ಕೊಂದು: ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ. 36,000 ಅಡಿಯಿಂದ ಇಳಿಯಬೇಕಾದರೆ 108 ನಾಟಿಕಲ್ ಮೈಲಿ, ಅಂದರೆ 200 ಕಿ.ಮೀ. ಮುಂಚಿನಿಂದಲೇ ಇಳಿಯಲು ಶುರು ಮಾಡಬೇಕು. ಎಂಜಿನ್ ಸದ್ದು ಇದ್ದಕ್ಕಿದ್ದಂತೆ ಮೆತ್ತಗಾಗಿ, ಕಿವಿ ಕಟ್ಟಿಕೊಳ್ಳಲು ಶುರುವಾಗುತ್ತದಲ್ಲ, ಅದೇ ಹೊತ್ತು. ಬೆಂಗಳೂರಿಗೆ ಹೋಗುವಾಗ ಹೆಚ್ಚುಕಮ್ಮಿ ಚಿತ್ರದುರ್ಗದ ಆಚೀಚೆ ಇರುವಾಗಲೇ ಇದು ಆಗುತ್ತದೆ.

ಹತ್ತು ಸಾವಿರ ಅಡಿಗಿಂತ ಕೆಳಗೆ ಬಂದ ಮೇಲೆ 250 ನಾಟ್‌ನ ಮಿತಿ ಇದೆ, ಗಂಟೆಗೆ 463 ಕಿ.ಮೀ. ರನ್‌ವೇ ಮುಟ್ಟುವಾಗ 260ರ ಹತ್ತಿರ. ಅಂದರೆ 834 ಕಿ.ಮೀ.ನಲ್ಲಿ ಏರಲು ಒಂದು ಇನ್ನೂರು, ಇಳಿಯಲು ಒಂದು ಇನ್ನೂರು ಹೋಯಿತು. ಪೂರ್ತಿ ವೇಗದಲ್ಲಿ ಹಾರಲು ಉಳಿದದ್ದು ಅರ್ಧ ದಾರಿ. ಚಾ ಟ್ರಾಲಿ ಕೊನೆಯ ಸಾಲಿಗೆ ಹೋಗುವ ಹೊತ್ತಿಗೆ "ಸೀಟ್ ಬೆಲ್ಟ್ ಹಾಕಿಕೊಳ್ಳಿ" ಅನ್ನುವುದು ಇದಕ್ಕೇ.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಟಿಕೆಟ್‌ನಲ್ಲಿ ಹಾಕಿರುವುದು ಹಾರುವ ಹೊತ್ತಲ್ಲ. ವಿಮಾನ ನಿಂತಾಗ ಗಾಲಿಗೆ ಅಡ್ಡ ಇಡುವ ಕಟ್ಟೆ ಇರುತ್ತದಲ್ಲ, ಲಾರಿ ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಟ್ಟ ಹಾಗೆ. ಅದನ್ನು ಮುಂಬೈಯಲ್ಲಿ ತೆಗೆದ ಗಳಿಗೆಯಿಂದ ಬೆಂಗಳೂರಿನಲ್ಲಿ ಮತ್ತೆ ಇಟ್ಟ ಗಳಿಗೆಯವರೆಗಿನ ಲೆಕ್ಕ ಅದು. ವಿಮಾನಯಾನದವರು ಇದಕ್ಕೆ ಬ್ಲಾಕ್ ಟೈಮ್ ಅಂತಾರೆ. ನಡುವೆ ಹಿಂದಕ್ಕೆ ತಳ್ಳುವುದು, ಎಂಜಿನ್ ಶುರು ಮಾಡುವುದು, ರನ್‌ವೇವರೆಗೆ ನೆಲದ ಮೇಲೆ ಹೋಗುವುದು, ಸಾಲಿನಲ್ಲಿ ನಿಲ್ಲುವುದು ಎಲ್ಲ ಸೇರಿದೆ. ಮುಂಬೈಯಲ್ಲಿ ಇದಕ್ಕೇ ಹದಿನೈದರಿಂದ ಇಪ್ಪತ್ತೈದು ನಿಮಿಷ. ಬೆಂಗಳೂರಿನಲ್ಲಿ ಇಳಿದ ಮೇಲೆ ಇನ್ನೊಂದು ಏಳೆಂಟು ನಿಮಿಷ.

ಹಾಗಾದರೆ ಸುಲಭವಾಗಿ ಲೆಕ್ಕ ಹಾಕುವುದು ಹೇಗೆ? ನಾನು ಬಳಸುವ ದಾರಿ ಹೇಳುತ್ತೇನೆ. ರಿಕ್ಷಾ ಹತ್ತಿದ ಕೂಡಲೇ ಮಿನಿಮಮ್ ಮೀಟರ್ ಬೀಳುತ್ತದಲ್ಲ, ಒಂದೇ ಸಿಗ್ನಲ್ ದೂರ ಹೋದರೂ ಅದು ಕೊಡಲೇಬೇಕು. ವಿಮಾನಕ್ಕೂ ಒಂದು ಮಿನಿಮಮ್ ಇದೆ, 45 ನಿಮಿಷ. ಅದರ ಮೇಲೆ ದೂರವನ್ನು 800ರಿಂದ ಭಾಗಿಸಿ ಬಂದ ಗಂಟೆ ಕೂಡಿಸಿ. ಬೆಂಗಳೂರಿಗೆ 834 ಭಾಗಿಸು 800, ಒಂದು ಗಂಟೆ ಮೂರು ನಿಮಿಷ. 45 ಸೇರಿಸಿದರೆ ಒಂದು ಗಂಟೆ 48 ನಿಮಿಷ. ಟಿಕೆಟ್‌ನಲ್ಲಿ ಇದ್ದದ್ದು ಒಂದು ಗಂಟೆ ಐವತ್ತು. ಮಂಗಳೂರಿಗೆ ಮುಂಬೈಯಿಂದ ದಾರದ ದೂರ 715 ಕಿ.ಮೀ., ಒಂದು ಗಂಟೆ 39 ನಿಮಿಷ ಬರುತ್ತದೆ. ಹುಬ್ಬಳ್ಳಿಗೆ 477, ಒಂದು ಗಂಟೆ 21. ದೆಹಲಿಗೆ 1,138, ಎರಡು ಗಂಟೆ ಹತ್ತು. ಟಿಕೆಟ್ ತೆಗೆದು ತಾಳೆ ನೋಡಿ, ಐದು ಹತ್ತು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬರುವುದು ಅಪರೂಪ. ಎಟಿಆರ್ ಅನ್ನೋ ಫ್ಯಾನಿನ ವಿಮಾನ ಆದರೆ 800ರ ಬದಲು 500 ಹಾಕಿಕೊಳ್ಳಿ.

ಈ ಮಿನಿಮಮ್ ಮೀಟರ್ ಇರುವುದರಿಂದಲೇ ಹತ್ತಿರದ ಊರಿಗೆ ವಿಮಾನ ಗಿಟ್ಟುವುದಿಲ್ಲ. ಮುಂಬೈ–ಪುಣೆ ದಾರದ ದೂರ 124 ಕಿ.ಮೀ. ಲೆಕ್ಕ ಹಾಕಿದರೆ 54 ನಿಮಿಷ, ಅದರಲ್ಲಿ 45 ಬರೀ ಮಿನಿಮಮ್. ಏರಿ ಮುಗಿಯುವ ಮೊದಲೇ ಇಳಿಯಬೇಕು. ಏರ್‌ಪೋರ್ಟ್‌ಗೆ ಹೋಗಿ, ಕಾದು, ಹತ್ತುವಷ್ಟರಲ್ಲಿ ಎಕ್ಸ್‌ಪ್ರೆಸ್‌ವೇ ಹಿಡಿದ ಬಸ್ಸು ಲೋಣಾವಳ ದಾಟಿರುತ್ತದೆ.

ಮೊದಲು ಇಷ್ಟೆಲ್ಲ ಮಿನಿಮಮ್ ಇರಲಿಲ್ಲ ಅನ್ನೋದೂ ನಿಜ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಜುಹೂಗೆ ಟಪಾಲು ಹೊತ್ತು ತಂದರು. ಒಂದೇ ಎಂಜಿನ್ನಿನ ಪುಟ್ಟ ಪುಸ್ ಮಾತ್ ವಿಮಾನ. ಜುಹೂನಿಂದ ಮುಂದಕ್ಕೆ ಅದನ್ನು ಮದ್ರಾಸಿಗೆ ಹಾರಿಸಿದವರು ನೆವಿಲ್ ವಿನ್ಸೆಂಟ್. ದಾರಿಯಲ್ಲಿ ಇಳಿದ ಊರು ಯಾವುದು ಗೊತ್ತಾ? ನಮ್ಮ ಬಳ್ಳಾರಿ. ಚಿಕ್ಕಮ್ಮನಿಗೆ ಈ ಸಂಗತಿ ತುಂಬಾ ಹಿಡಿಸಿತು. ಅವರ ಅಪ್ಪ ಬಳ್ಳಾರಿಯಲ್ಲಿ ಮೇಷ್ಟ್ರಾಗಿದ್ದರು.

ಇಷ್ಟು ಕೇಳಿ ಚಿಕ್ಕಪ್ಪ ಇನ್ನೊಂದು ಪ್ರಶ್ನೆ ಹಾಕಿದರು. "ಹಾಗಾದ್ರೆ ವಾಪಸ್ ಬರೋ ಟಿಕೆಟ್‌ನಲ್ಲಿ ಯಾಕೆ ಇನ್ನೂ ಐದು ಹತ್ತು ನಿಮಿಷ ಜಾಸ್ತಿ? ದೂರ ಅಷ್ಟೇ ಅಲ್ವಾ?"

ಇದಕ್ಕೆ ಉತ್ತರ ಮುಂಬೈಯ ನೆಲದಲ್ಲಿದೆ. ಈ ಏರ್‌ಪೋರ್ಟ್‌ನಲ್ಲಿ ರನ್‌ವೇ ಎರಡಿವೆ, ಆದರೆ ಒಂದನ್ನೊಂದು ಕತ್ತರಿ ಹಾಕಿದ ಹಾಗೆ ಅಡ್ಡ ಹಾಯುತ್ತವೆ. ಒಂದರಲ್ಲಿ ವಿಮಾನ ಓಡುತ್ತಿದ್ದರೆ ಇನ್ನೊಂದು ಸುಮ್ಮನಿರಬೇಕು. ಹೆಸರಿಗೆ ಎರಡು, ಕೆಲಸಕ್ಕೆ ಒಂದೇ. ಬೆಂಗಳೂರಿನಲ್ಲಿ 2019ರ ಡಿಸೆಂಬರ್‌ನಿಂದ ಎರಡು ರನ್‌ವೇ ಪಕ್ಕಪಕ್ಕದಲ್ಲಿ ಸಮಾನಾಂತರವಾಗಿವೆ. ಮುಂಬೈಯಲ್ಲಿ ಆ ಒಂದರ ಮೇಲೇ ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ ನಲವತ್ತೈದರ ಆಸುಪಾಸು ವಿಮಾನಗಳು ಏರಿಳಿಯುತ್ತವೆ. ಸುಮಾರು ಎಂಬತ್ತು ಸೆಕೆಂಡಿಗೆ ಒಂದು. ನಾನು ಇರುವುದು ಘಾಟ್ಕೋಪರ್‌ನಲ್ಲಿ, ಇಳಿಯುವ ವಿಮಾನಗಳ ದಾರಿಯ ಕೆಳಗೇ. ಸಂಜೆ ಟೆರೇಸಿನಲ್ಲಿ ನಿಂತರೆ ಒಂದು ವಿಮಾನದ ದೀಪ ತಲೆಯ ಮೇಲೆ ಹಾದು ಹೋಗುವಾಗಲೇ ಠಾಣೆ ಖಾಡಿಯ ಆಚೆ ಮುಂದಿನದ್ದು, ಅದರ ಹಿಂದೆ ಇನ್ನೊಂದು, ದೀಪದ ಸರ ಕಾಣುತ್ತದೆ.

ಆ ಸರದಲ್ಲಿ ಜಾಗ ಸಿಗದ ವಿಮಾನ ಏನು ಮಾಡಬೇಕು? ಆಕಾಶದಲ್ಲಿ ಬ್ರೇಕ್ ಹಾಕಿ ನಿಲ್ಲಲು ಆಗುವುದಿಲ್ಲ. ಹಾಗಾಗಿ ಸುತ್ತುತ್ತದೆ. ಈ ಸುತ್ತು ಗುಂಡಗಿರುವುದಿಲ್ಲ. ಓಟದ ಮೈದಾನದ ಟ್ರ್ಯಾಕ್ ತರಹ, ಎರಡು ನೇರ ಬದಿ, ಎರಡು ತಿರುವು. ಪ್ರತಿಯೊಂದಕ್ಕೂ ಒಂದೊಂದು ನಿಮಿಷ, ಒಟ್ಟು ನಾಲ್ಕು ನಿಮಿಷಕ್ಕೆ ಒಂದು ಸುತ್ತು. ತುಂಬಾ ಎತ್ತರದಲ್ಲಿದ್ದರೆ ಸ್ವಲ್ಪ ಜಾಸ್ತಿ.

ಒಂದು ಜುಲೈನಲ್ಲಿ ಅಮ್ಮನನ್ನು ಡಾಕ್ಟರಿಗೆ ತೋರಿಸಲು ಬೆಂಗಳೂರಿನಿಂದ ಇಲ್ಲಿಗೆ ಕರೆತರುತ್ತಿದ್ದೆ. ಹೊರಗೆ ಜೋರು ಮಳೆ. ಕಿಟಕಿಯ ಗಾಜಿನ ಮೇಲೆ ನೀರಿನ ಎಳೆಗಳು ಹಿಂದಕ್ಕೆ ಓಡುತ್ತಿದ್ದವು. ಮೋಡದ ಸಂದಿಯಲ್ಲಿ ದಡದ ದೀಪಗಳು ಒಮ್ಮೆ ಕಂಡವು, ಮಾಯವಾದವು. ಸ್ವಲ್ಪ ಹೊತ್ತಿಗೆ ಅವೇ ದೀಪಗಳು ಮತ್ತೆ. ಅಮ್ಮ ನನ್ನ ಮಣಿಕಟ್ಟು ಹಿಡಿದು, "ಯಾಕೋ, ಅಲ್ಲೇ ತಿರುಗ್ತಾ ಇದೆ ಅಲ್ವಾ?" ಅಂದರು. ಆರು ಸಲ ಎಣಿಸಿದೆ. ಅರ್ಧ ಗಂಟೆ. ಏನೂ ಹೇಳುವವರಿಲ್ಲದೆ ಅಮ್ಮ ಪೂರ್ತಿ ಹೆದರಿದ್ದರು. ನನಗೂ ಆಗ ಇದರ ಲೆಕ್ಕ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆ: ಹೀಗೆ ಸುತ್ತುವುದಕ್ಕೂ, ಇಲ್ಲಿ ಇಳಿಯಲಾಗದಿದ್ದರೆ ಬೇರೆ ಊರಿಗೆ ಹೋಗುವುದಕ್ಕೂ ಮೊದಲೇ ಇಂಧನ ತುಂಬಿರುತ್ತಾರಮ್ಮಾ, ಅದರ ಮೇಲೂ ಜೆಟ್ ವಿಮಾನದಲ್ಲಿ ಮೂವತ್ತು ನಿಮಿಷದ್ದು ಕೊನೆಯವರೆಗೂ ಕೈಯಲ್ಲಿರಬೇಕು, ಅದು ನಿಯಮ. ನಾನು ಈ ವಿಷಯ ಓದಲು ಶುರು ಮಾಡಿದ್ದು ಆ ರಾತ್ರಿಯ ನಂತರ.

ಇದು ನಮ್ಮೊಬ್ಬರ ಅನುಭವವೂ ಅಲ್ಲ. 2024ರ ಫೆಬ್ರವರಿಯಲ್ಲಿ ನಾಗರಿಕ ವಿಮಾನಯಾನ ಸಚಿವಾಲಯವೇ ಹೇಳಿತು: ದಟ್ಟಣೆಯಿಂದಾಗಿ ವಿಮಾನಗಳು ಮುಂಬೈ ಮೇಲೆ ಸರಾಸರಿ 40ರಿಂದ 60 ನಿಮಿಷ ಸುತ್ತುತ್ತಿವೆ, ಹಾಗೆ ಸುತ್ತುವಾಗ ಒಂದು ವಿಮಾನ ಗಂಟೆಗೆ ಸುಮಾರು 2,000 ಕಿಲೋ ಇಂಧನ ಸುಡುತ್ತದೆ. ಆಗ ದಟ್ಟಣೆಯ ಹೊತ್ತಿನ ವಿಮಾನಗಳ ಸಂಖ್ಯೆಯನ್ನು ಕಡಿಮೆ ಮಾಡಿಸಿದರು. ಕಂಪನಿಗಳೂ ಈ ಕಾಯುವಿಕೆಯನ್ನು ಅಂದಾಜು ಮಾಡಿ ಟಿಕೆಟ್‌ನ ಹೊತ್ತಿಗೆ ಕೆಲವು ನಿಮಿಷ ಸೇರಿಸಿಯೇ ಇಡುತ್ತವೆ. ಬೆಂಗಳೂರಿನಿಂದ ಬರುವ ಟಿಕೆಟ್ ಉದ್ದ ಆಗುವುದು ಹೀಗೆ. ಸಾಲು ಕಮ್ಮಿ ಇದ್ದ ದಿನ "ಇಪ್ಪತ್ತು ನಿಮಿಷ ಮುಂಚೆ ಬಂದಿದ್ದೇವೆ" ಅಂತ ಪೈಲಟ್ ಹೇಳುವುದೂ ಇದರಿಂದಲೇ. ಅಂದಹಾಗೆ ಹದಿನೈದು ನಿಮಿಷದೊಳಗೆ ತಡವಾದರೆ ಅದು ಲೆಕ್ಕದಲ್ಲಿ ತಡವೇ ಅಲ್ಲ, ಸಮಯಕ್ಕೆ ಸರಿಯಾಗಿ ಬಂದ ಹಾಗೇ.

ಇನ್ನು ಗಾಳಿ. ಬೆಂಗಳೂರಿನ ದಾರಿ ಚಿಕ್ಕದು, ಹೆಚ್ಚು ವ್ಯತ್ಯಾಸ ಕಾಣದು. ದುಬೈಗೆ ಹೋಗಿಬರುವ ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು. ಎದುರುಗಾಳಿಗೆ ಸೈಕಲ್ ತುಳಿದ ಯಾರಿಗಾದರೂ ಗೊತ್ತಾಗುವ ವಿಷಯವೇ. ಚಳಿಗಾಲದಲ್ಲಿ ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೇ ಹರಿಯುತ್ತದೆ. ಗಾಳಿ ಗಂಟೆಗೆ 100 ಕಿ.ಮೀ. ಇದ್ದರೆ, 830ರ ವಿಮಾನ ಹೋಗುವಾಗ ನೆಲದ ಲೆಕ್ಕದಲ್ಲಿ 730, ಬರುವಾಗ 930. ಮುಂಬೈ–ದುಬೈ ದಾರದ ದೂರ ಸುಮಾರು 1,930 ಕಿ.ಮೀ. ಅಷ್ಟಕ್ಕೇ ಅರ್ಧ ಗಂಟೆಗೂ ಜಾಸ್ತಿ ವ್ಯತ್ಯಾಸ ಆಗುತ್ತದೆ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಗಾಳಿ ತಿರುಗಿಬೀಳುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಆ ಬಿರುಸು ಗಾಳಿಯ ಬಗ್ಗೆ 1958ರಲ್ಲಿ ವಿವರವಾಗಿ ಬರೆದವರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ.

ದುಬೈ ಟಿಕೆಟ್‌ನಲ್ಲಿ ಇನ್ನೊಂದು ಎಡವುವ ಜಾಗ ಇದೆ. ಬೆಳಿಗ್ಗೆ 10ಕ್ಕೆ ಹೊರಟು 11.45ಕ್ಕೆ ತಲುಪುವುದು ಅಂತ ಇದ್ದರೆ ಒಂದೂಮುಕ್ಕಾಲು ಗಂಟೆ ಅಲ್ಲ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅದನ್ನು ಕೂಡಿಸಿದರೆ ಮೂರೂಕಾಲು ಗಂಟೆ. ಟಿಕೆಟ್‌ನಲ್ಲಿ ಯಾವಾಗಲೂ ಆಯಾ ಊರಿನ ಗಡಿಯಾರದ ಹೊತ್ತೇ ಇರುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮಾತ್ರ ಏರ್‌ಪೋರ್ಟ್‌ನ ಹೊರಗಿನ ದಾರಿ. ವಿಮಾನ ಒಂದು ನಿಮಿಷಕ್ಕೆ 14 ಕಿ.ಮೀ. ಹೋಗುತ್ತದೆ. ನಮ್ಮ ಟ್ಯಾಕ್ಸಿ ಸಾಕಿನಾಕಾದಲ್ಲಿ ಹದಿನಾಲ್ಕು ನಿಮಿಷಕ್ಕೆ ಒಂದು ಕಿ.ಮೀ. ಹೋದರೂ ಪುಣ್ಯ. 2008ರ ಮೇ 24ರಂದು ಬೆಂಗಳೂರಿನ ಏರ್‌ಪೋರ್ಟ್ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯಿತು. ದಾರದ ಲೆಕ್ಕದಲ್ಲಿ ಮುಂಬೈಗೆ ಇಪ್ಪತ್ತು ಕಿ.ಮೀ. ಹತ್ತಿರ ಬಂತು, ಒಂದೂವರೆ ನಿಮಿಷ ಉಳಿಯಿತು. ಜಯನಗರದ ಮನೆ ಮಾತ್ರ ಒಂದು ಗಂಟೆ ದೂರ ಹೋಯಿತು. ಗೋವಾದಲ್ಲೂ ಇದೇ ಕತೆ. ಮುಂಬೈಯಿಂದ ದಾಬೋಲಿಮ್ 425 ಕಿ.ಮೀ., 2023ರ ಜನವರಿಯಲ್ಲಿ ಶುರುವಾದ ಮೋಪಾ 387. ಆಕಾಶದಲ್ಲಿ ಮೂರು ನಿಮಿಷದ ವ್ಯತ್ಯಾಸ. ಆದರೆ ವಾಸ್ಕೋದಲ್ಲಿ ಇರುವ ನಮ್ಮ ಉತ್ತರ ಕರ್ನಾಟಕದವರು ಮೋಪಾದಲ್ಲಿ ಇಳಿದರೆ ಅರ್ಧ ಗೋವಾ ದಾಟಿ ಬರಬೇಕು. ಟಿಕೆಟ್ ಮಾಡುವಾಗ ಕೋಡ್ ನೋಡಿ: ಜಿಒಐ ಅಂದರೆ ದಾಬೋಲಿಮ್, ಜಿಒಎಕ್ಸ್ ಅಂದರೆ ಮೋಪಾ.

ಈಗ ಮುಂಬೈಯಲ್ಲೂ ಹಾಗೆ ಎರಡಾಗಿವೆ. ನವಿ ಮುಂಬೈ ಏರ್‌ಪೋರ್ಟ್‌ನಿಂದ 2025ರ ಡಿಸೆಂಬರ್ 25ರಂದು ವಿಮಾನಗಳು ಶುರುವಾದವು. ಬಿಒಎಂ ಅಂದರೆ ಹಳೆಯದು, ಎನ್‌ಎಂಐ ಅಂದರೆ ಹೊಸದು. ಬೆಂಗಳೂರಿಗೆ ಅಲ್ಲಿಂದ ದಾರದ ದೂರ ಇಪ್ಪತ್ತು ಕಿ.ಮೀ. ಕಮ್ಮಿ, ಅದು ಲೆಕ್ಕಕ್ಕೆ ಬರುವಂಥದ್ದಲ್ಲ. ಪನ್ವೇಲ್, ಖಾರ್ಘರ್, ನೆರೂಳ್ ಕಡೆಯವರಿಗೆ ರಸ್ತೆಯಲ್ಲಿ ಉಳಿಯುವ ಒಂದು ಗಂಟೆ ಲೆಕ್ಕಕ್ಕೆ ಬರುತ್ತದೆ. ಮಾಟುಂಗಾ, ಗೋರೆಗಾಂವ್‌ನವರಿಗೆ ಹಳೆಯದೇ ಸರಿ.

ಚಿಕ್ಕಪ್ಪನ ಬಸ್ಸಿಗೆ ಬರೋಣ. 9.05ಕ್ಕೆ ಹೊರಟು 10.55ಕ್ಕೆ ತಲುಪುವ ಟಿಕೆಟ್. ತಡವಾಗುವುದಕ್ಕೆ ಒಂದು ಅರ್ಧ ಗಂಟೆ ಇಟ್ಟೆವು. ಇಳಿದು, ಚಿಕ್ಕಮ್ಮನ ಎರಡು ಸೂಟ್‌ಕೇಸ್ ಬೆಲ್ಟಿನ ಮೇಲೆ ಬರುವಷ್ಟರಲ್ಲಿ ಇನ್ನೊಂದು ಅರ್ಧ ಗಂಟೆ. ಬಸ್ ನಿಲ್ಲುವ ಜಾಗಕ್ಕೆ ನಡೆಯಲು, ಒಂದು ಕಾಫಿ ಕುಡಿಯಲು ಮತ್ತೆ ಅರ್ಧ. 12.30ರ ಬಸ್ಸಿಗೆ ಸೀಟು ಮಾಡಿಸಿದೆವು.

ಹೊರಟ ದಿನ ಮಧ್ಯಾಹ್ನ ಅವರಿಂದ ಒಂದು ಫೋಟೋ ಬಂತು. ಹಳೇ ಡೈರಿಯ ಹಾಳೆ, ನೀಟಾದ ಅಕ್ಷರ:

"ಹಿಂದಕ್ಕೆ ತಳ್ಳಿದ್ದು 9.12. ನೆಲ ಬಿಟ್ಟಿದ್ದು 9.35. ನೆಲ ಮುಟ್ಟಿದ್ದು 10.53. ನಿಂತದ್ದು 11.01. ಹಾರಿದ್ದು 1 ಗಂಟೆ 18 ನಿಮಿಷ. ಒಟ್ಟು 1 ಗಂಟೆ 49. ಎಂಜಿನ್ ಸದ್ದು ಕಮ್ಮಿಯಾದದ್ದು 10.26. ಬಸ್ಸಿನಲ್ಲಿ ಕೂತಿದ್ದೇವೆ. ಚಿಕ್ಕಮ್ಮನಿಗೆ ಕಿಟಕಿ ಸೀಟು."